ಕರ, ಛಾಯೆ, ಫಲ: ಒಂದು ಚಿತ್ರದ ಪಾಠ

ಸಂಸ್ಕೃತ ಕೋಶಗಳಲ್ಲಿ ‘ಕರ’ ಎಂಬ ಶಬ್ದಕ್ಕೆ ಕೈ ಎಂಬುದೊಂದರ್ಥ, ಕಿರಣವೆಂಬುದು ಮತ್ತೊಂದರ್ಥ. ‘ಛಾಯೆ’ ಎಂಬುದಕ್ಕೆ ನೆರಳೆಂದೂ ಕಾಂತಿಯೆಂದೂ ಎರಡರ್ಥಗಳುಂಟು. ‘ಫಲ’ವೆಂದರೆ ಮರದ ಹಣ್ಣೂ ಅಹುದು, ಮಾಡಿದ ಕೆಲಸದ ಪರಿಣಾಮವೂ ಅಹುದು. ಪಾಠಶಾಲೆಯ ಬಾಲಕರು ಇವನ್ನು ನಾನಾರ್ಥಗಳೆಂದು ಕಂಠಪಾಠ ಮಾಡುವರು. ಆದರೆ ಒಂದೇ ಶಬ್ದದ ಮನೆಯಲ್ಲಿ ಎರಡರ್ಥಗಳು ಏಕೆ ಕೂಡಿ ಬಾಳುವುವೆಂಬುದನ್ನು ಕೋಶವು ಹೇಳುವುದಿಲ್ಲ; ಅದನ್ನು ಕಣ್ಣಿನಿಂದ ಅರಿಯಬೇಕು. ಒಂದು ಮನೆಯ ಮಕ್ಕಳು ಹಣ್ಣು ಕೊಯ್ಯುತ್ತಿರುವ ಚಿತ್ರವೊಂದನ್ನು ಸಾವಧಾನವಾಗಿ ನೋಡಿದರೆ ಈ ಮೂರು ಶಬ್ದಗಳ ಅರ್ಥವೂ ಒಟ್ಟಿಗೆ ತೆರೆದುಕೊಳ್ಳುವುದು. ಆ ನೋಟದ ಕ್ರಮವನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ತೆಂಗಳಿಯ ಸೀಮೆಯ ಗೃಹಸ್ಥರಿಗೆ ಹಣ್ಣಿನ ಸುಗ್ಗಿ ಹೊಸತಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಈ ಭೂಮಿ ತೊಗರಿ ಜೋಳಗಳಿಗೆ ಹೆಸರಾದುದಾದರೂ, ಹೊಲದ ಬದುವಿನಲ್ಲಿ ಹುಣಸೆ ಮಾವುಗಳುಂಟು. ಬೇಸಿಗೆಯ ಒಂದು ಮುಂಜಾನೆ ಮನೆಮಂದಿಯೆಲ್ಲ ಮರದಡಿ ಸೇರುವರು. ಒಬ್ಬನು ಮರವೇರಿ ಕೊಂಬೆಯನ್ನು ಅಲುಗಿಸುವನು. ಕೆಳಗೆ ಹೆಂಗಸರು ಗೋಣಿತಟ್ಟನ್ನು ಹಾಸುವರು. ಮಕ್ಕಳು ಓಡಾಡಿ ಹೆಕ್ಕುವರು. ಅಜ್ಜಿ ಹುಳುಕಾದುದನ್ನು ಬೇರ್ಪಡಿಸುವಳು. ಎಲೆಗಳ ಸಂದಿನಿಂದ ಇಳಿದ ಬಿಸಿಲು ಎಲ್ಲರ ಬೆನ್ನ ಮೇಲೆಯೂ ನಾಣ್ಯಗಳಂತೆ ಹರಡಿರುವುದು. ಆಗ ಮನೆಯ ಯಜಮಾನನ ದೃಷ್ಟಿಯೆಲ್ಲ ಬುಟ್ಟಿಗಳ ಮೇಲೆ: ಎಷ್ಟು ತುಂಬಿದವು, ಸಂತೆಗೆ ಎಷ್ಟು, ಮನೆಗೆ ಎಷ್ಟು? ಈ ಎಣಿಕೆ ತಪ್ಪಲ್ಲ. ಸಂಸಾರಿಗೆ ಅದು ಬೇಕು. ಆದರೆ ಬುಟ್ಟಿಯನ್ನು ತುಂಬಿದ ಕೈಗಳನ್ನು ನೋಡಿದವರು ಯಾರು? ಚಿತ್ರಕಾರನ ಕಣ್ಣು ಈ ಪ್ರಶ್ನೆಗೆ ಉತ್ತರ ಕೊಡುವುದು.

೧. ಕರ

ಮೊದಲು ಕನ್ನಡಿಗರಿಗೆ ಪರಿಚಿತವಾದ ಚಿತ್ರವೊಂದರಿಂದ ಆರಂಭಿಸುವುದು ಯುಕ್ತ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪವನ್ನು ಹಿಡಿದು ನಿಂತ ತರುಣಿಯ ಚಿತ್ರವೊಂದುಂಟು. ಕ್ಯಾಲೆಂಡರುಗಳ ಮೂಲಕ ಅದರ ಪ್ರತಿಗಳು ಅನೇಕ ಮನೆಗಳ ಗೋಡೆಗಳನ್ನೇರಿವೆ. ಇದನ್ನು ರಾಜಾ ರವಿವರ್ಮನ ಕೃತಿಯೆಂದು ಬಹುಜನರು ಭಾವಿಸಿರುವರು. ವಾಸ್ತವದಲ್ಲಿ ರವಿವರ್ಮನು ೧೯೦೬ರಲ್ಲಿಯೇ ತೀರಿಕೊಂಡನು. ಈ ಚಿತ್ರವನ್ನು ೧೯೪೫–೪೬ರಲ್ಲಿ ಬರೆದವರು ಸಾವಂತವಾಡಿಯಲ್ಲಿ ಜನಿಸಿದ ಎಸ್. ಎಲ್. ಹಳದಣಕರರು. ಬರೆದುದು ನೀರುಬಣ್ಣದಲ್ಲಿ. ಎದುರಿಗೆ ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು.

ಆ ಚಿತ್ರದಲ್ಲಿ ನೋಡತಕ್ಕ ಸ್ಥಾನ ಯಾವುದು? ಮುಖವೆಂದು ಹಲವರು ಹೇಳುವರು. ಇನ್ನೊಂದು ಸ್ಥಾನವುಂಟು. ಆಕೆ ಒಂದು ಕೈಯಲ್ಲಿ ದೀಪವನ್ನು ಹಿಡಿದು, ಇನ್ನೊಂದು ಅಂಗೈಯನ್ನು ಜ್ವಾಲೆಗೆ ಮರೆಯಾಗಿ ಒಡ್ಡಿರುವಳು. ಬೆಳಕು ಆ ಬೆರಳುಗಳನ್ನು ಹೊಕ್ಕು ಅವನ್ನು ಒಳಗಿನಿಂದಲೇ ಕೆಂಪಾಗಿಸಿದೆ. ಅಲ್ಲಿ ಕೈಯೆಲ್ಲಿ ಮುಗಿಯಿತು, ಕಿರಣವೆಲ್ಲಿ ಮೊದಲಾಯಿತು ಎಂದು ಗೆರೆಯೆಳೆದು ಹೇಳುವುದಾಗದು. ‘ಕರ’ ಶಬ್ದದ ಎರಡರ್ಥಗಳು ಒಂದಾದ ಸ್ಥಾನವದು. ಕರಸ್ಥಲವೆಂಬ ಮಾತನ್ನು ನಿತ್ಯ ನುಡಿಯುವ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ದೀಪವಿದ್ದೆಡೆ ಬೆಳಕನ್ನು ಗುರುತಿಸುವುದು ಸುಲಭ. ದೀಪವೇ ಇಲ್ಲದ ಹಗಲಿನಲ್ಲಿ, ಬೆಳಕು ಎಲ್ಲ ಕಡೆಯೂ ಚೆಲ್ಲಿರುವಾಗ, ಅದು ಯಾರ ಮೇಲೆ ಏಕೆ ಬಿದ್ದಿತೆಂದು ಅರಿಯುವುದು ಕಷ್ಟ. ಅದಕ್ಕಾಗಿ ದೂರದ ಫ್ರಾನ್ಸ್ ದೇಶದ ಚಿತ್ರವೊಂದನ್ನು ನೋಡಬೇಕು. ಅದನ್ನು ಬರೆದವಳೂ ತನ್ನ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡೇ ಬರೆದಳು.

ಅವಳ ಹೆಸರು ಬೆರ್ತ್ ಮೊರಿಸೊ. ಜನನ ೧೮೪೧, ಮರಣ ೧೮೯೫. ಬಯಲಿನ ಬೆಳಕನ್ನು ಕಂಡಂತೆ ಹಿಡಿಯಬೇಕೆಂದು ಹೊರಟ ಫ್ರೆಂಚ್ ಚಿತ್ರಕಾರರ ಬಳಗದಲ್ಲಿ ಮೊದಲಿನಿಂದಲೂ ಇದ್ದವಳು. ಆ ಬಳಗವು ೧೮೭೪ರಿಂದ ೧೮೮೬ರವರೆಗೆ ಎಂಟು ಪ್ರದರ್ಶನಗಳನ್ನು ನಡೆಸಿತು. ಏಳರಲ್ಲಿ ಅವಳ ಚಿತ್ರಗಳಿದ್ದುವು. ತಪ್ಪಿದುದು ೧೮೭೯ರ ಪ್ರದರ್ಶನವೊಂದೇ. ಅದಕ್ಕೆ ಕೆಲವು ತಿಂಗಳ ಹಿಂದೆ, ೧೮೭೮ರ ನವೆಂಬರಿನಲ್ಲಿ, ಅವಳಿಗೆ ಮಗಳು ಜೂಲಿ ಹುಟ್ಟಿದ್ದಳು. ಹೆಸರಾಂತ ಚಿತ್ರಕಾರ ಎದುವಾರ್ ಮಾನೆಯ ತಮ್ಮನಾದ ಯೂಜೆನ್ ಮಾನೆ ಅವಳ ಪತಿ.

೧೮೯೧ರ ಬೇಸಿಗೆಯಲ್ಲಿ ಈ ಸಂಸಾರವು ಪ್ಯಾರಿಸಿನ ಸಮೀಪದ ಮೇಜಿ ಎಂಬ ಹಳ್ಳಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿತ್ತು. ಅಲ್ಲಿಯ ತೋಟದಲ್ಲಿ ಚೆರಿ ಮರವಿತ್ತು. ಚೆರಿಯೆಂದರೆ ನಮ್ಮ ಬಾರಿ ಹಣ್ಣಿನಷ್ಟು ಗಾತ್ರದ, ಒಂಟಿ ಬೀಜದ, ಕೆಂಪು ಹಣ್ಣು. ಹನ್ನೆರಡು ವರುಷದ ಜೂಲಿ ನಿಚ್ಚಣಿಕೆಯನ್ನೇರಿ ಎಲೆಗಳ ನಡುವೆ ಕೈಚಾಚಿದಳು. ಮೊರಿಸೊಳ ಅಕ್ಕನ ಮಗಳು ಕೆಳಗೆ ಬುಟ್ಟಿ ಹಿಡಿದು ನಿಂತಳು. ತಾಯಿ ಅದನ್ನು ಬರೆಯತೊಡಗಿದಳು. ಪೆನ್ಸಿಲಿನಲ್ಲಿ, ನೀರುಬಣ್ಣದಲ್ಲಿ, ಬಣ್ಣದ ಸೀಮೆಸುಣ್ಣದಲ್ಲಿ ಹಲವು ಬಾರಿ ಬರೆದು, ಅನಂತರ ಎಣ್ಣೆಬಣ್ಣದ ದೊಡ್ಡ ಚಿತ್ರಕ್ಕೆ ಕೈಯಿಟ್ಟಳು. ಹಣ್ಣಿನ ಕಾಲ ತೀರಿತು, ಚಿತ್ರ ತೀರಲಿಲ್ಲ. ಉಳಿದ ಕೆಲಸವನ್ನು ಪ್ಯಾರಿಸಿನಲ್ಲಿ, ಕೂಲಿಗೆ ನಿಲ್ಲುವ ರೂಪದರ್ಶಿಯೊಬ್ಬಳನ್ನಿಟ್ಟುಕೊಂಡು ನಡೆಸಬೇಕಾಯಿತು. ಚೆರಿಮರವೆಂದು ಹೆಸರಾದ ಈ ಚಿತ್ರದ ಒಂದು ರೂಪವು ಪ್ಯಾರಿಸಿನ ಮಾರ್ಮೊತ್ತಾನ್ ಮೋನೆ ಸಂಗ್ರಹಾಲಯದಲ್ಲಿದೆ.

ಚಿತ್ರವು ಅಗಲಕ್ಕಿಂತ ಎತ್ತರ ಹೆಚ್ಚಾದುದು. ಕಣ್ಣು ಸಹಜವಾಗಿ ಕೆಳಗಿನಿಂದ ಮೇಲಕ್ಕೆ ಏರುವುದು. ಹಸುರೆಲ್ಲವೂ ಹರಡಿದ ಕುಂಚದ ಗೀರುಗಳು. ಎಲೆಗಳನ್ನು ಒಂದೊಂದಾಗಿ ಎಣಿಸಲಾಗದು. ಹಣ್ಣನ್ನು ಹುಡುಕಿದವರಿಗೆ ಅಲ್ಲಲ್ಲಿ ಕೆಂಪಿನ ಸಣ್ಣ ಸ್ಪರ್ಶಗಳು ಮಾತ್ರ ದೊರೆಯುವುವು. ಹಣ್ಣಿನ ಸುಗ್ಗಿಯ ಚಿತ್ರದಲ್ಲಿ ಹಣ್ಣೇ ಅಲ್ಪ! ಹಾಗಾದರೆ ಬೆಳಕೆಲ್ಲಿ? ಅದು ಮೇಲಕ್ಕೆ ಚಾಚಿದ ತೋಳುಗಳಲ್ಲಿದೆ, ಹುಡುಗಿಯರ ತಿಳಿಬಣ್ಣದ ಉಡುಪಿನಲ್ಲಿದೆ, ಮೇಲಕ್ಕೆ ನೋಡುತ್ತಿರುವ ಕೆಳಗಿನವಳ ಮುಖದಲ್ಲಿದೆ. ಒಬ್ಬಳು ಕೊಯ್ಯುವವಳು, ಒಬ್ಬಳು ಕೊಳ್ಳುವವಳು. ಇಬ್ಬರ ಕೈಗಳ ನಡುವೆ ಹಣ್ಣು ಇನ್ನೂ ಇಳಿಯಬೇಕಾಗಿದೆ. ಆ ಕೊಡುಕೊಳ್ಳುವಿಕೆಯ ದಾರಿಯನ್ನೇ ಬೆಳಕು ತೋರಿಸುತ್ತಿದೆ. ಹಣ್ಣು ಬುಟ್ಟಿಯಲ್ಲಿ ಬಿದ್ದ ಮೇಲೆ ಸೊತ್ತಾಗುವುದು. ಕೈಯಿಂದ ಕೈಗೆ ಹೋಗುವಾಗ ಅದು ಸಂಬಂಧವಾಗಿರುವುದು. ಚಿತ್ರಕರ್ತ್ರಿಯು ಆರಿಸಿಕೊಂಡುದು ಆ ಎರಡನೆಯದನ್ನು.

೨. ಛಾಯೆ

ಇಲ್ಲಿ ಪೂರ್ವಪಕ್ಷವೊಂದುಂಟು. “ಇವರು ಉಳ್ಳವರ ಮನೆಯ ಮಕ್ಕಳು. ಆಟಕ್ಕೆ ಹಣ್ಣು ಕೊಯ್ದರೆ ಅದು ಕಾಯಕವಾದೀತೆ? ಬೆನ್ನು ಬಾಗಿ ದುಡಿಯುವವರ ಮೇಲೆಯೂ ಇದೇ ಬೆಳಕು ಬೀಳುವುದೋ?” ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅಹುದು. ಉತ್ತರಕ್ಕೆ ಅದೇ ಬಳಗದ ಹಿರಿಯನ ಬಳಿಗೆ ಹೋಗಬೇಕು.

ಕಮೀಲ್ ಪಿಸಾರೊ ೧೮೩೦ರಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದಲ್ಲಿ ಹುಟ್ಟಿ, ೧೯೦೩ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. ಎಂಟು ಪ್ರದರ್ಶನಗಳಲ್ಲಿಯೂ ಚಿತ್ರಗಳನ್ನಿಟ್ಟವನು ಅವನೊಬ್ಬನೇ. ಅವನ ಪತ್ನಿ ಒಕ್ಕಲು ಕುಟುಂಬದಿಂದ ಬಂದವಳು. ಅವನ ತಾಯಿಯ ಮನೆಯಲ್ಲಿ ಕೆಲಸಕ್ಕಿದ್ದವಳು. ಮಕ್ಕಳು ಬಹಳ, ಚಿತ್ರಗಳಿಗೆ ಕೊಳ್ಳುವವರು ವಿರಳ. ಆ ತಾಯಿ ತರಕಾರಿ ಬೆಳೆದು ಸಂಸಾರವನ್ನು ತೂಗಿಸಿದಳು. ೧೮೮೪ರಿಂದ ಅವರು ಎರಾನ್ಯಿ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿ ಸೇಬಿನ ತೋಟಗಳಿದ್ದುವು.

ಸೇಬು ಕೊಯ್ಯುವ ಕೆಲಸವನ್ನು ಪಿಸಾರೊ ಮತ್ತೆ ಮತ್ತೆ ಬರೆದನು. ೧೮೮೬ರಲ್ಲಿ ಮುಗಿದ ದೊಡ್ಡ ಚಿತ್ರವೊಂದು ಈಗ ಜಪಾನಿನ ಕುರಾಶಿಕಿ ನಗರದ ಓಹರಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಒಬ್ಬ ಹೆಂಗಸು ಉದ್ದನೆಯ ಕೋಲನ್ನೆತ್ತಿ ಕೊಂಬೆಯನ್ನು ಮುಟ್ಟಿರುವಳು, ಒಬ್ಬಳು ಬಾಗಿ ಆಯುತ್ತಿರುವಳು, ಮತ್ತೊಬ್ಬಳು ಕುಳಿತು ಒಂದು ಹಣ್ಣನ್ನು ತಿನ್ನುತ್ತಿರುವಳು. ೧೮೮೮ರ ಇನ್ನೊಂದು ಚಿತ್ರವು ಅಮೆರಿಕದ ಡಲ್ಲಾಸ್ ನಗರದ ಸಂಗ್ರಹಾಲಯದಲ್ಲಿದೆ. ಅಲ್ಲಿಯೂ ಮರವೊಂದರ ಅಡಿಯಲ್ಲಿ ಗಂಡಸು ಹೆಂಗಸರು ಕೂಡಿ ಹಣ್ಣಿಳಿಸುತ್ತಿರುವರು. ಎರಡರಲ್ಲಿಯೂ ಕೆಲಸದವರು ನಿಂತಿರುವುದು ಮರದ ನೆರಳಿನಲ್ಲಿ. ಬಿಸಿಲು ಅವರ ಸುತ್ತಣ ಬಯಲಲ್ಲಿ ಉರಿಯುತ್ತಿದೆ.

ಆ ನೆರಳನ್ನು ನೋಡಬೇಕು. ಅದರಲ್ಲಿ ಕಾಡಿಗೆಯ ಕಪ್ಪಿಲ್ಲ. ನೀಲಿ, ನೇರಿಳೆ, ಹಸುರು, ನಡುನಡುವೆ ಕೆಂಪಿನ ಚುಕ್ಕೆಗಳು ಸೇರಿ ಆ ನೆರಳಾಗಿದೆ. ಇದು ಕಲ್ಪನೆಯ ವಿಲಾಸವಲ್ಲ. ತೆರೆದ ಬಯಲಿನ ನೆರಳಿಗೆ ಸೂರ್ಯನ ನೇರ ಬೆಳಕು ತಪ್ಪಿದರೂ ಆಕಾಶದ ಬೆಳಕು ತಪ್ಪುವುದಿಲ್ಲ. ಆಕಾಶವು ನೀಲಿಯಾದುದರಿಂದ ನೆರಳೂ ನೀಲಿಯ ಕಡೆಗೆ ವಾಲುವುದು. ಸಂದೇಹವಿದ್ದವರು ಒಂದು ಬಿಸಿಲಿನ ಮುಂಜಾನೆ ಅಂಗಳದಲ್ಲಿ ಒಗೆದ ಬಿಳಿಯ ಧೋತರವನ್ನು ಹರಡಿ, ಅದರ ಮೇಲೆ ಬಿದ್ದ ನೆರಳನ್ನು ನಿಟ್ಟಿಸಿ ನೋಡಬಹುದು.

ಬಣ್ಣವು ತನ್ನ ನೆರೆಯ ಬಣ್ಣದಿಂದ ಬದಲಾಗುವುದೆಂಬುದನ್ನು ಶಾಸ್ತ್ರೀಯವಾಗಿ ನಿರೂಪಿಸಿದವನು ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ. ಅವನು ಪ್ಯಾರಿಸಿನ ರಾಜಕೀಯ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದನು. ಕಪ್ಪು ನೂಲು ಕಳೆಗುಂದಿ ಕಾಣುವುದೆಂಬ ದೂರು ಬಂದಾಗ ಪರೀಕ್ಷಿಸಿ ನೋಡಿದನು. ದೋಷವು ಬಣ್ಣದ ಬಾನಿಯಲ್ಲಿರಲಿಲ್ಲ, ಪಕ್ಕದ ನೂಲಿನ ಬಣ್ಣವು ನೋಡುವವರ ಕಣ್ಣಿನಲ್ಲಿ ಕಪ್ಪನ್ನು ಮಾರ್ಪಡಿಸುತ್ತಿತ್ತು. ೧೮೩೯ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಚಿತ್ರಕಾರರಿಗೆ ದಾರಿಯಾಯಿತು. ನೇಕಾರರ ಮಗ್ಗದಿಂದ ಹುಟ್ಟಿದ ಅರಿವು ಸೇಬಿನ ತೋಟದ ನೆರಳನ್ನು ಬೆಳಗಿಸಿತು. ಪಿಸಾರೊ ಕೆಲವು ವರುಷ ಚುಕ್ಕೆಚುಕ್ಕೆಯಾಗಿ ಶುದ್ಧ ಬಣ್ಣಗಳನ್ನಿಡುವ ಕ್ರಮವನ್ನು ಅನುಸರಿಸಿದನು. ಅದು ಬಹು ನಿಧಾನದ ಕೆಲಸ. ಅದರಿಂದ ಬಡತನ ಹಿಂಗಲಿಲ್ಲ. ೧೮೯೦ರ ಸುಮಾರಿಗೆ ಅದನ್ನು ಬಿಟ್ಟನು. ಆದರೆ ನೆರಳು ಕಪ್ಪಲ್ಲವೆಂಬ ಸತ್ಯವನ್ನು ಬಿಡಲಿಲ್ಲ.

ಛಾಯೆಯೆಂದರೆ ನೆರಳು, ಛಾಯೆಯೆಂದರೆ ಕಾಂತಿ ಎಂದು ಹೇಳಿದ ಪೂರ್ವಿಕರ ಮಾತು ಇಲ್ಲಿ ಸಾರ್ಥಕವಾಯಿತು. ಪೂರ್ವಪಕ್ಷಕ್ಕೂ ಉತ್ತರ ದೊರೆಯಿತು. ಬೆನ್ನು ಬಾಗಿ ಆಯುವವಳು ಬಿಸಿಲಿನ ಮುಂದೆ ನಿಂತಿಲ್ಲ, ಅವಳು ನೆರಳಿನಲ್ಲಿರುವಳು. ನೋಡಲು ತಿಳಿದವನಿಗೆ ಆ ನೆರಳಿನಲ್ಲಿಯೂ ಬೆಳಕಿನ ಎಲ್ಲ ಬಣ್ಣಗಳಿವೆ. ತಿಳಿಯದವನಿಗೆ ಅದು ಬರಿಯ ಕಪ್ಪು.

ಆಯುವ ಕೈಯ ಹಿರಿಮೆಯನ್ನು ಶರಣರು ಮೊದಲೇ ಕಂಡಿದ್ದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದವಳು ಪತ್ನಿ ಲಕ್ಕಮ್ಮ. ನೆಲಕ್ಕೆ ಬಾಗಿದ ಬೆನ್ನಿನಲ್ಲಿ ಎಷ್ಟು ಬೆಳಕಿರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೩. ಫಲ

ಇನ್ನು ಮೂರನೆಯ ಶಬ್ದ. ಹಣ್ಣಿಗೆ ಒಂದು ಕಾಲವುಂಟು. ಮೊದಲು ಕೊಯ್ದರೆ ಕಾಯಿ, ತಡೆದರೆ ಕೊಳೆ. ನಡುವೆ ಇರುವುವು ಕೆಲವೇ ದಿನಗಳು. ಮನೆಯೆಂಬ ಮರಕ್ಕೂ ಇದೇ ನಿಯಮ. ಎಲ್ಲರೂ ಒಂದೇ ನೆರಳಿನಲ್ಲಿ ಕೂಡಿರುವ ಕಾಲವು ಅಲ್ಪ. ಹಿರಿಯರು ಉದುರುವರು, ಹೆಣ್ಣುಮಕ್ಕಳು ಬೇರೆ ಮನೆ ಸೇರುವರು, ಗಂಡುಮಕ್ಕಳು ಹೊಟ್ಟೆಪಾಡಿಗೆ ದೂರದ ಊರುಗಳಿಗೆ ಹೋಗುವರು.

ಚೆರಿಮರದ ಚಿತ್ರ ಆರಂಭವಾದಾಗ ಆ ಮನೆಯ ಯಜಮಾನನಾದ ಯೂಜೆನ್ ಮಾನೆಗೆ ಆರೋಗ್ಯ ಕೆಟ್ಟಿತ್ತು. ಮರುವರುಷ, ೧೮೯೨ರ ಏಪ್ರಿಲಿನಲ್ಲಿ, ಅವನು ತೀರಿಕೊಂಡನು. ೧೮೯೫ರ ಆರಂಭದಲ್ಲಿ ಜೂಲಿ ಕಾಯಿಲೆ ಬಿದ್ದಳು; ಶುಶ್ರೂಷೆ ಮಾಡಿದ ತಾಯಿಗೂ ರೋಗ ತಗಲಿ, ಮಾರ್ಚ್ ೨ರಂದು ಅವಳು ಅಗಲಿದಳು. ನಿಚ್ಚಣಿಕೆಯ ಮೇಲೆ ಕೈಚಾಚಿ ನಿಂತಿದ್ದ ಹುಡುಗಿ ಹದಿನಾರನೆಯ ವಯಸ್ಸಿಗೆ ತಬ್ಬಲಿಯಾದಳು. ಬುಟ್ಟಿ ಹಿಡಿದಿದ್ದ ಸೋದರಿಯೊಡನೆ ಅವಳ ಬಾಳು ಮುಂದುವರಿಯಿತು; ೧೯೦೦ರಲ್ಲಿ ಇಬ್ಬರ ಮದುವೆಯೂ ಒಂದೇ ದಿನ ನಡೆಯಿತು. ಜೂಲಿ ೧೯೬೬ರವರೆಗೆ ಬದುಕಿದಳು. ಮೊರಿಸೊಳ ವಂಶದವರು ಕಾಪಾಡಿದ ಚಿತ್ರಗಳ ಸಂಗ್ರಹವೇ ಮಾರ್ಮೊತ್ತಾನ್ ಸಂಗ್ರಹಾಲಯಕ್ಕೆ ಸೇರಿತು. ಆ ಬೇಸಿಗೆಯ ಚೆರಿ ಹಣ್ಣುಗಳು ಒಂದು ವಾರವೂ ಉಳಿದಿರಲಾರವು. ಅವನ್ನು ಕೊಯ್ದ ಕೈಗಳ ಮೇಲಣ ಬೆಳಕು ನೂರಮೂವತ್ತು ವರುಷಗಳನ್ನು ದಾಟಿ ಉಳಿದಿದೆ.

ಆದರೆ ಲೋಕದ ದಫ್ತರವು ಆ ತಾಯಿಗೆ ಏನು ಬರೆಯಿತು? ಮೂವತ್ತು ವರುಷಕ್ಕೂ ಮೇಲ್ಪಟ್ಟು ಕುಂಚವನ್ನು ಕೆಳಗಿಡದವಳ ಮರಣಪತ್ರದಲ್ಲಿ ಉದ್ಯೋಗವಿಲ್ಲದವಳೆಂದು ದಾಖಲಾಯಿತು. ಸಮಾಧಿಯ ಕಲ್ಲಿನಲ್ಲಿ ಯೂಜೆನ್ ಮಾನೆಯ ವಿಧವೆಯೆಂದು ಬರೆಯಲಾಯಿತು. ಚಿತ್ರಕರ್ತ್ರಿಯೆಂಬ ಮಾತು ಅಲ್ಲಿಲ್ಲ. ಎಲ್ಲರ ಕೈಗಳಿಗೂ ಬೆಳಕನ್ನು ಕೊಟ್ಟವಳ ಕೈಯೇ ದಫ್ತರದ ಕಣ್ಣಿಗೆ ಬೀಳಲಿಲ್ಲ.

ಇದನ್ನು ಕೇಳಿ ಪರದೇಶದವರನ್ನು ನಿಂದಿಸುವುದು ಸುಲಭ. ನಮ್ಮ ಊರುಗಳ ಕಾಗದಪತ್ರಗಳನ್ನು ತೆಗೆದು ನೋಡಿದರೆ, ನಸುಕಿನಲ್ಲಿ ಎದ್ದು ಕಸ ಮುಸುರೆ ಮುಗಿಸಿ, ಹೊಲಕ್ಕೆ ಬುತ್ತಿ ಹೊತ್ತು, ಕಳೆ ತೆಗೆದು, ಹುಣಸೆ ಕುಟ್ಟಿ ಬೀಜ ಬಿಡಿಸಿ ಸಂತೆಗೆ ಅಣಿಮಾಡಿದ ತಾಯಂದಿರ ಹೆಸರಿನ ಮುಂದೆಯೂ ಮನೆಗೆಲಸವೆಂದೋ ಏನೂ ಇಲ್ಲವೆಂದೋ ಬರೆದಿರುವುದು ಕಾಣುವುದು. ಹಣ್ಣು ಮಾರಿದ ಹಣವನ್ನು ಎಣಿಸುವಾಗ ಅವರನ್ನು ಕರೆದು ಕೇಳುವ ಮನೆಗಳೆಷ್ಟು?

ಈ ವಿಷಯದಲ್ಲಿ ಹನ್ನೆರಡನೆಯ ಶತಮಾನದ ಶರಣರು ಹಾಕಿಕೊಟ್ಟ ಮೇಲ್ಪಂಕ್ತಿಯು ಸ್ಮರಣೀಯ. ನೂಲುವವಳು ಕದಿರ ರೆಮ್ಮವ್ವೆ. ಭತ್ತ ಕುಟ್ಟುವವಳು ಕೊಟ್ಟಣದ ಸೋಮಮ್ಮ. ಆಯ್ದ ಅಕ್ಕಿಯಿಂದ ಬಾಳಿದವಳು ಆಯ್ದಕ್ಕಿ ಲಕ್ಕಮ್ಮ. ಅವರ ಕಾಯಕವೇ ಅವರ ಹೆಸರಿನ ಮುಂದೆ ನಿಂತು ಅವರನ್ನು ಕರೆದು ತೋರಿಸುವುದು. ರಾಜನ ಬಿರುದಿಗೆ ಸಲ್ಲುವ ಸ್ಥಾನವನ್ನು ಅಲ್ಲಿ ಕದಿರಿಗೂ ಒನಕೆಗೂ ಕೊಟ್ಟರು. ಎಂಟು ನೂರು ವರುಷಗಳ ಮೇಲೆಯೂ ಆ ಕೈಗಳು ಏನು ಮಾಡುತ್ತಿದ್ದುವೆಂಬುದನ್ನು ನಾಡು ಮರೆತಿಲ್ಲ. ಹೆಸರಿನೊಡನೆ ಕೆಲಸವನ್ನು ಸೇರಿಸಿ ಹೇಳುವುದೂ ಕೈಗೆ ಬೆಳಕು ಹಿಡಿದಂತೆಯೇ ಸರಿ.

ಆದುದರಿಂದ ಈ ಪಾಠವನ್ನು ಓದಿದ ಗೃಹಸ್ಥರು ಮುಂದಿನ ಸುಗ್ಗಿಯಲ್ಲಿ ಮೂರು ಕಾರ್ಯಗಳನ್ನು ಮಾಡಬಹುದು. ಮೊದಲನೆಯದು, ಪರೀಕ್ಷೆ ಪಾಠಗಳ ನೆಪದಿಂದ ಮಕ್ಕಳನ್ನು ಮರದಡಿಯಿಂದ ದೂರವಿಡದೆ ಒಂದು ದಿನವಾದರೂ ಕರೆತಂದು, ಅಜ್ಜನು ಮೇಲಿನಿಂದ ಕೊಟ್ಟುದನ್ನು ಅವರ ಕೈಯಲ್ಲಿ ಕೊಳ್ಳಿಸುವುದು. ಎರಡನೆಯದು, ಕೂಲಿಗೆ ಬಂದು ಬಾಗಿ ಆಯುವವರಿಗೆ ಕೂಲಿಯೊಡನೆ ಮೊದಲ ಹಣ್ಣಿನಲ್ಲಿಯೂ ಪಾಲು ಕೊಡುವುದು. ಪಿಸಾರೊನ ಚಿತ್ರದಲ್ಲಿ ಕೆಲಸದವಳೇ ಕುಳಿತು ಹಣ್ಣು ತಿನ್ನುತ್ತಿರುವಳೆಂಬುದನ್ನು ಮರೆಯತಕ್ಕದ್ದಲ್ಲ. ಮೂರನೆಯದು, ರಾತ್ರಿ ಲೆಕ್ಕ ಬರೆಯುವಾಗ ಎಷ್ಟು ಬುಟ್ಟಿಗಳೆಂಬುದರ ಜೊತೆಗೆ ಯಾರು ಯಾರು ದುಡಿದರೆಂಬುದನ್ನೂ, ಮನೆಯ ಹೆಣ್ಣುಮಕ್ಕಳನ್ನು ಬಿಡದೆ, ಹೆಸರಿಡಿದು ಬರೆಯುವುದು.

ಇವುಗಳಿಗೆ ಹಣ ಬೇಡ, ಪಾಂಡಿತ್ಯ ಬೇಡ. ಶಹಾಬಾದಿನ ಕಲ್ಲು ಹಾಸಿದ ಪಡಸಾಲೆಯಲ್ಲಿ ಹಣ್ಣಿನ ರಾಶಿ ಬಿದ್ದಿರುವಾಗ, ಬಾಗಿಲಿನಿಂದ ಬಂದ ಬೆಳಕಿನಲ್ಲಿ ಅದನ್ನು ಆರಿಸುತ್ತಿರುವ ಕೈಗಳನ್ನು ಒಂದು ಕ್ಷಣ ನಿಂತು ನೋಡಿದರೆ ಸಾಕು. ಅವು ಯಾರ ಕೈಗಳೆಂದು ಕೇಳಿಕೊಂಡರೆ ಸಾಕು. ಆ ಮನೆಯಲ್ಲಿ ಕರವು ಕಿರಣವಾಗುವುದು, ಛಾಯೆಯು ಕಾಂತಿಯಾಗುವುದು, ಮರದ ಫಲವು ಬಾಳಿನ ಫಲವಾಗುವುದು.